ಕಂಡುಬಂದಿಲ್ಲ

ಭಾನುವಾರದಿಂದ ಈಚೆಗೆ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ. ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಗಳನ್ನು ತೊಳೆಯುವಾಗಲೂ ರಾತ್ರಿ ದೀಪ ಆರಿಸಿದ ಮೇಲೂ ಅದೇ ಕೇಳಿಸುತ್ತದೆ: “ನೀವು ‘ಕಂಡುಬಂದಿಲ್ಲ’ ಅಂತ ಬರೆದಿರಿ. ನಾನು ಆ ಮಾತಿಗೇ ಸ್ತೋತ್ರ ಹೇಳಿದ್ದು.”

ಹೇಳಿದವರು ನಮ್ಮ ಸಭೆಯ ಹಿರಿಯರೊಬ್ಬರು. ಆ ಬೆಳಿಗ್ಗೆ ಆರಾಧನೆಯ ನಡುವೆ ಅವರು ಸಾಕ್ಷಿ ಹೇಳಲು ಎದ್ದು ನಿಂತಿದ್ದರು. ತಮಗೆ ಕ್ಷಯರೋಗ ಬಂದಿತ್ತೆಂದೂ, ರಾತ್ರಿಯೆಲ್ಲ ಬೆವರಿ ಕೆಮ್ಮಿ ಕಂಗಾಲಾಗಿದ್ದಾಗ ಕರ್ತನು ತಮ್ಮ ಶ್ವಾಸಕೋಶವನ್ನು ಮುಟ್ಟಿ ಗುಣಪಡಿಸಿದನೆಂದೂ ಹೇಳಿ ಕೂತರು. ಮಾತ್ರೆಯ ಸುದ್ದಿ ಒಂದು ಅಕ್ಷರವೂ ಬರಲಿಲ್ಲ. ಅವರು ಕೂತದ್ದೇ ತಡ ಸಭಾಪಾಲಕರು ಎದ್ದು, “ವೈದ್ಯರು ಕೈಬಿಟ್ಟರು, ಆದರೆ ಕರ್ತನು ಕೈಬಿಡಲಿಲ್ಲ” ಎಂದರು. ಸಭೆಯೆಲ್ಲ ‘ಆಮೆನ್’ ಎಂದಿತು. ನಾನು ಮಾತ್ರ ಬಾಯಿ ತೆರೆಯಲಿಲ್ಲ. ಏಕೆಂದರೆ ಆ ಪ್ರಕರಣದಲ್ಲಿ ಯಾವ ವೈದ್ಯರೂ ಕೈಬಿಟ್ಟಿರಲಿಲ್ಲ, ಕೈಬಿಟ್ಟರೆಂದು ಹಿರಿಯರು ಹೇಳಿಯೂ ಇರಲಿಲ್ಲ. ನಮ್ಮ ಪಾಲಕರು ಒಳ್ಳೆಯ ಮನುಷ್ಯರು, ನಡುರಾತ್ರಿ ಕರೆದರೂ ರೋಗಿಯ ಹಾಸಿಗೆಯ ಪಕ್ಕಕ್ಕೆ ಬರುತ್ತಾರೆ. ಆದರೆ ಪ್ರಸಂಗಪೀಠ ಹತ್ತಿದರೆ ಸರಳ ಸಂಗತಿಗೆ ಬಣ್ಣ ಹಚ್ಚದೆ ಇರಲಾರರು. ಬಣ್ಣ ಹಚ್ಚುವುದು ನನ್ನ ವೃತ್ತಿಯೂ ಹೌದು, ಆದರೆ ನಾವು ಹಚ್ಚುವುದು ಇರುವುದು ಕಾಣಿಸಲಿ ಎಂದು.

ಆ ಹಿರಿಯರ ಕಫದ ಪಟ್ಟಿಗೆ ಬಣ್ಣ ಹಚ್ಚಿದ್ದು ನಾನೇ. ಜೀಲ್–ನೀಲ್ಸನ್ ವಿಧಾನ ಹೆಚ್ಚು ಕಷ್ಟದ್ದಲ್ಲ. ಪಟ್ಟಿಯ ಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಕೆಳಗೆ ಜ್ವಾಲೆ ಹಿಡಿದು, ಕುದಿಯಲು ಬಿಡದೆ ಆವಿ ಏಳುವವರೆಗೆ ಮಾತ್ರ ಕಾಯಿಸಬೇಕು. ಆಮೇಲೆ ಆಮ್ಲದಿಂದ ತೊಳೆದರೆ ಉಳಿದೆಲ್ಲವೂ ಕೆಂಪು ಬಣ್ಣ ಬಿಟ್ಟುಕೊಡುತ್ತದೆ, ಮೇಣದಂಥ ಕವಚವಿರುವ ಕ್ಷಯದ ದಂಡಾಣು ಮಾತ್ರ ಬಿಡುವುದಿಲ್ಲ. ಕೊನೆಗೆ ಮೀಥಿಲೀನ್ ಬ್ಲೂ ಹಾಕಿದರೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಎದ್ದು ಕಾಣುತ್ತವೆ. ಅವರ ಮೊದಲ ಪಟ್ಟಿಯಲ್ಲಿ ಅವು ಗುಂಪುಗುಂಪಾಗಿ ಬಿದ್ದಿದ್ದವು. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಲೋಕಕ್ಕೆ ತಿಳಿಸಿದ ಜೀವಿ ಇದೇ. ಅನಂತರ ಹಿರಿಯರು ಎರಡು ತಿಂಗಳು ನಾಲ್ಕು ಬಗೆಯ ಔಷಧಗಳನ್ನೂ, ಮುಂದಿನ ನಾಲ್ಕು ತಿಂಗಳು ಅದಕ್ಕಿಂತ ಕಡಿಮೆ ಬಗೆಯವನ್ನೂ ನುಂಗಿದರು. ಅವುಗಳಲ್ಲೊಂದಾದ ರಿಫಾಂಪಿಸಿನ್ ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಡು ಮೊದಲ ವಾರ ಅವರು ಹೆದರಿ ಓಡಿ ಬಂದದ್ದೂ ನನಗೆ ನೆನಪಿದೆ. ಕೊನೆಯ ಪರೀಕ್ಷೆಯ ವರದಿಯಲ್ಲಿ “ಆಮ್ಲನಿರೋಧಕ ದಂಡಾಣುಗಳು ಕಂಡುಬಂದಿಲ್ಲ” ಎಂದು ಬರೆದು ಸಹಿ ಹಾಕಿದ್ದೂ ನಾನೇ. ಇಷ್ಟೆಲ್ಲ ಗೊತ್ತಿದ್ದೂ ನಾನು ಬೆಂಚಿನಲ್ಲಿ ತೆಪ್ಪಗೆ ಕೂರಬೇಕಿತ್ತು, ಮಸೂರದಡಿ ಕಂಡದ್ದನ್ನು ಹೊರಗೆ ಹೇಳುವ ಹಕ್ಕು ನಮಗಿಲ್ಲ. (ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆರಾಧನೆ ಮುಗಿದು ಹೊರಗೆ ಬಂದಾಗ ಯುವಕನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮನೆಯಲ್ಲೊಬ್ಬರು ಅದೇ ಮಾತ್ರೆಗಳನ್ನು ನುಂಗಿ ವಾಕರಿಕೆಯಿಂದ ನರಳುತ್ತಿದ್ದಾರೆ. “ಮಾತ್ರೆ ನಿಲ್ಲಿಸಿ ಉಪವಾಸ ಪ್ರಾರ್ಥನೆ ಇಟ್ಟುಕೊಳ್ಳಬಹುದಾ?” ಎಂದು ಕೇಳಿದ. ಪ್ರಸಂಗಪೀಠದಿಂದ ಉದುರಿದ ಒಂದು ವಾಕ್ಯ ಹತ್ತು ನಿಮಿಷದೊಳಗೆ ಎಲ್ಲಿಗೆ ಹೋಗಿ ಮುಟ್ಟಿತೆಂದು ನೋಡಿ ನನ್ನ ಮೈ ಉರಿಯಿತು. ಕೆಲವು ವಾರ ಮಾತ್ರೆ ನುಂಗಿದರೆ ಕೆಮ್ಮು ತಗ್ಗುತ್ತದೆ, ಮೈ ಕೈ ತುಂಬಿಕೊಳ್ಳುತ್ತದೆ, ಆದರೆ ದಂಡಾಣುಗಳೆಲ್ಲ ಸತ್ತಿರುವುದಿಲ್ಲ. ಆಗ ನಿಲ್ಲಿಸಿದರೆ ಉಳಿದವು ಮತ್ತೆ ಬೆಳೆಯುತ್ತವೆ, ಔಷಧಕ್ಕೆ ಬಗ್ಗದ ತಳಿ ಹುಟ್ಟುವ ಭಯವೂ ಇದೆ ಎಂದು ಅವನಿಗೆ ಹೇಳಿದೆ. ಹೇಳಿದ ದನಿ ಸ್ವಲ್ಪ ಹೆಚ್ಚೇ ಗಡುಸಾಗಿತ್ತು, ತಪ್ಪು ಅವನದಾಗಿರಲಿಲ್ಲ.

ಹಿರಿಯರು ಹಿಂದೆಯೇ ನಿಂತು ಕೇಳಿಸಿಕೊಂಡಿರಬೇಕು. ಅವರು ಮಾತಾಡಲಿಲ್ಲ, ಕಂಕುಳಲ್ಲಿದ್ದ ಸತ್ಯವೇದವನ್ನು ತೆರೆದರು. ನೂರಮೂರನೆಯ ಕೀರ್ತನೆಯ ಪುಟದಲ್ಲಿ ಮಡಚಿಟ್ಟ ಒಂದು ಕಾರ್ಡು ಇತ್ತು. ಅಂಚು ಸವೆದು ಮೆತ್ತಗಾಗಿದ್ದ ಆ ಚಿಕಿತ್ಸಾ ಕಾರ್ಡಿನ ಚೌಕಗಳಲ್ಲಿ ದಿನಕ್ಕೊಂದರಂತೆ ಗುರುತು ಹಾಕಿದ್ದರು. ಕೆಲವು ನೀಲಿ ಶಾಯಿಯವು, ಕೆಲವು ಪೆನ್ಸಿಲಿನವು. “ನೂರ ಅರವತ್ತೆಂಟು” ಎಂದು ಯುವಕನ ಕೈಗೆ ಕೊಟ್ಟರು, “ಒಂದೂ ತಪ್ಪಿಸಿಲ್ಲ, ಎಣಿಸಿಕೋ.” ಅವನು ನಿಜವಾಗಿಯೂ ಎಣಿಸತೊಡಗಿದ.

“ಇದನ್ನು ಮೈಕಿನಲ್ಲಿ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ಐದೇ ನಿಮಿಷ ಕೊಟ್ಟಿದ್ದರು. ಮಾತ್ರೆ ನುಂಗದೆ ಯಾರಿಗೆ ವಾಸಿಯಾಗುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವಾ?” ಎಂದವರು ಸ್ವಲ್ಪ ತಡೆದು ಆ ಮಾತು ಹೇಳಿದರು: “ನೀವು ‘ಕಂಡುಬಂದಿಲ್ಲ’ ಅಂತ ಬರೆದಿರಿ. ನಾನು ಆ ಮಾತಿಗೇ ಸ್ತೋತ್ರ ಹೇಳಿದ್ದು.”

ಎಲ್ಲರಿಗೂ ಗೊತ್ತಿರುತ್ತದೆ ಎಂಬುದು ಅವರ ತಪ್ಪು ಲೆಕ್ಕ. ಎದುರಿಗೆ ನಿಂತು ಚೌಕ ಎಣಿಸುತ್ತಿದ್ದ ಹುಡುಗನೇ ಅದಕ್ಕೆ ಸಾಕ್ಷಿ. ಆದರೂ ನನ್ನ ಕೋಪ ಅಲ್ಲಿಗೆ ನಿಂತುಹೋಯಿತು, ಏಕೆಂದರೆ ಆ ಪದದ ತೂಕ ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಸೂಕ್ಷ್ಮದರ್ಶಕದಲ್ಲಿ ನೂರು ಕ್ಷೇತ್ರಗಳನ್ನು ನೋಡಿ ಒಂದೂ ಕೆಂಪು ಕಡ್ಡಿ ಸಿಗದಿದ್ದರೆ ನಾವು ‘ಇಲ್ಲ’ ಎಂದು ಬರೆಯುವುದಿಲ್ಲ, ಬರೆಯುವಂತೆಯೂ ಇಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ದಂಡಾಣುಗಳಿದ್ದರೆ ಮಾತ್ರ ಈ ವಿಧಾನದಲ್ಲಿ ಅವು ಕಣ್ಣಿಗೆ ಬೀಳುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ಎಷ್ಟು ಪರಿಣತ ಕಣ್ಣಿಗೂ ತಪ್ಪಿಹೋಗಬಹುದು. ಆದ್ದರಿಂದ ‘ಕಂಡುಬಂದಿಲ್ಲ’ ಎನ್ನುವುದು ನಾನು ನೋಡಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಹೇಳದ ಪದ. ವಿಜ್ಞಾನ ನನಗೆ ಕಲಿಸಿದ ಅತ್ಯಂತ ಪ್ರಾಮಾಣಿಕ ಪದವೂ ಅದೇ. ಹಿರಿಯರು ಸ್ತೋತ್ರವನ್ನು ಅದರ ಮೇಲೆ ನಿಲ್ಲಿಸಿದ್ದರು. ಪಾಲಕರು ತಮ್ಮ ಸ್ತೋತ್ರವನ್ನು ನಡೆಯದೇ ಇದ್ದ ಸಂಗತಿಯೊಂದರ ಮೇಲೆ ನಿಲ್ಲಿಸಿದರು.

ಸತ್ಯವೇದವೇನೂ ಪಾಲಕರ ಪಕ್ಷ ವಹಿಸುವುದಿಲ್ಲ. ಅರಸನಾದ ಹಿಜ್ಕೀಯನು ಮರಣಕರ ರೋಗದಲ್ಲಿ ಅತ್ತು ಪ್ರಾರ್ಥಿಸಿದಾಗ ಅವನ ಆಯುಸ್ಸಿಗೆ 15 ವರ್ಷ ಕೂಡಿತೆಂದು ಓದುವ ನಾವು, ಅದರ ಬೆನ್ನಿಗೇ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದ್ದನ್ನು ಓದುವಾಗ ಬೇಗ ದಾಟಿಬಿಡುತ್ತೇವೆ. ರಕ್ತಸ್ರಾವದ ಹೆಂಗಸಿನ ಕಥೆಯೂ ಹೀಗೆಯೇ. ಅವಳು ಅನೇಕ ವೈದ್ಯರಿಂದ ಬಹಳ ಕಷ್ಟಪಟ್ಟು, ಇದ್ದದ್ದೆಲ್ಲ ಕಳೆದುಕೊಂಡು, ರೋಗ ಇನ್ನೂ ಹೆಚ್ಚಾಯಿತೆಂದು ಮಾರ್ಕನು ಬರೆಯುತ್ತಾನೆ. ವೈದ್ಯನೆಂದು ಹೆಸರಾದ ಲೂಕನು ಅದೇ ಕಥೆ ಹೇಳುವಾಗ ಯಾರಿಂದಲೂ ವಾಸಿಯಾಗಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ವೃತ್ತಿಬಾಂಧವರ ಮೇಲಿನ ಮಮತೆ ಎಂದು ನಾನು ಪ್ರತಿ ಸಲ ನಗುತ್ತೇನೆ. ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೂಆಸ್ ಪರೇ ತನ್ನ ರೋಗಿಗಳ ಬಗ್ಗೆ, ನಾನು ಗಾಯಕ್ಕೆ ಕಟ್ಟು ಕಟ್ಟಿದೆ, ದೇವರು ಗುಣಪಡಿಸಿದ ಎನ್ನುತ್ತಿದ್ದನಂತೆ. ಆ ಮಾತಿನಲ್ಲಿ ಕಟ್ಟೂ ಉಳಿದಿದೆ, ದೇವರೂ ಉಳಿದಿದ್ದಾನೆ.

ಪಾಲಕರ ವಾಕ್ಯ ನನ್ನನ್ನು ಇಷ್ಟು ಕೆಣಕಿದ್ದಕ್ಕೆ ಇನ್ನೊಂದು ಕಾರಣವಿದೆ. ವೈದ್ಯರು ಕೈಬಿಟ್ಟ ಕಡೆಯಲ್ಲೇ ದೇವರು ಕೆಲಸ ಮಾಡುತ್ತಾನೆಂದು ಹೇಳುತ್ತ ಹೋದರೆ, 1943ರಲ್ಲಿ ಕ್ಷಯದ ಔಷಧ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ ದಿನ ದೇವರಿಗೆ ಒಂದಷ್ಟು ನೆಲ ಕಡಿಮೆಯಾಯಿತು ಎಂದೇ ಒಪ್ಪಬೇಕಾಗುತ್ತದೆ. ಜರ್ಮನಿಯ ದೇವತಾಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹಾಫರ್ 1944ರ ಮೇ 29ರಂದು ಬರ್ಲಿನ್ನಿನ ಸೆರೆಮನೆಯಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನೇ ಎಚ್ಚರಿಸಿದ್ದರು: ನಮ್ಮ ಅರಿವು ಅಪೂರ್ಣವಾಗಿರುವ ಕಡೆ ತೂತು ಮುಚ್ಚಲು ದೇವರನ್ನು ಬಳಸಬಾರದು, ದೇವರನ್ನು ನಾವು ಅರಿತಿರುವುದರಲ್ಲಿ ಕಾಣಬೇಕು. ಆಗ ಅವರು ಓದುತ್ತಿದ್ದದ್ದು ಭೌತಶಾಸ್ತ್ರದ ಪುಸ್ತಕ. ಹನ್ನೊಂದು ತಿಂಗಳೊಳಗೆ ನಾತ್ಸಿಗಳು ಅವರನ್ನು ಗಲ್ಲಿಗೇರಿಸಿದರು.

ನನ್ನ ಸಹೋದ್ಯೋಗಿಯೊಬ್ಬರಿಗೆ ದೇವರು ದಿಂಡರ ಗೊಡವೆ ಇಲ್ಲ. ಸೋಮವಾರ ಇದನ್ನೆಲ್ಲ ಹೇಳಿಕೊಂಡಾಗ ಅವರು ಎಂದಿನಂತೆ 2006ರ ಅಧ್ಯಯನವನ್ನು ಎತ್ತಿದರು. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ, ದೂರದಿಂದ ಮಾಡಿದ ಪ್ರಾರ್ಥನೆಯ ಪರಿಣಾಮವನ್ನು ನೋಡಿದ ಅಧ್ಯಯನವದು. ಪ್ರಾರ್ಥನೆ ನಡೆಯುತ್ತದೆಯೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ನಡೆದವರಲ್ಲಿ ಶೇ. 52, ನಡೆಯದವರಲ್ಲಿ ಶೇ. 51 ಮಂದಿಗೆ ತೊಡಕುಗಳಾದವು, ನಡೆಯುತ್ತದೆಂದು ಖಚಿತವಾಗಿ ತಿಳಿದವರಲ್ಲಿ ಶೇ. 59. “ನಿಮ್ಮವರು ಪ್ರಾರ್ಥಿಸುವುದಾದರೆ ರೋಗಿಗೆ ಹೇಳದೆ ಪ್ರಾರ್ಥಿಸಿ” ಎಂದು ನಕ್ಕರು. ಪ್ರಾರ್ಥನೆಯೇನು ಮಿಲಿಗ್ರಾಮಿನಲ್ಲಿ ಅಳೆದು ಕೊಡುವ ಔಷಧವೇ ಎನ್ನಲು ಹೊರಟವನು ನಾಲಿಗೆ ಕಚ್ಚಿಕೊಂಡೆ. ಮಾತ್ರೆಯ ಬದಲಿಗೆ ಪ್ರಾರ್ಥನೆ ಎಂದು ತಕ್ಕಡಿಗೆ ಹಾಕಿದವರು ನಾವೇ. ತೂಗಿ ನೋಡಿದವರ ಮೇಲೆ ಸಿಟ್ಟಾದರೆ ಹೇಗೆ?

ಬುಧವಾರ ಸಂಜೆ ಪಾಲಕರಿಗೆ ಫೋನ್ ಮಾಡಿ, ಯುವಕ ಕೇಳಿದ ಪ್ರಶ್ನೆಯನ್ನು ತಿಳಿಸಿದೆ. ಅವರು ನಿಜವಾಗಿಯೂ ಗಾಬರಿಯಾದರು. ಆ ಮನೆಗೆ ಮಾರನೆಯ ದಿನವೇ ಹೋಗುವುದಾಗಿಯೂ, ಬರುವ ಭಾನುವಾರ ಮಾತು ತಿದ್ದಿ ಹೇಳುವುದಾಗಿಯೂ ಒಪ್ಪಿದರು. ಆಮೇಲೆ, “ವೈದ್ಯರು ಕೈಬಿಟ್ಟರು ಅನ್ನುವುದನ್ನು ತೆಗೆದರೆ ವಾಕ್ಯವನ್ನು ಹೇಗೆ ಶುರುಮಾಡಲಿ?” ಎಂದು ಕೇಳಿದರು.

“ವೈದ್ಯರೂ ಕೈಬಿಡಲಿಲ್ಲ, ಕರ್ತನೂ ಕೈಬಿಡಲಿಲ್ಲ ಅನ್ನಿ.”

ಅವರು ಅದನ್ನು ಫೋನಿನಲ್ಲೇ ಎರಡು ಸಲ, ಪ್ರಸಂಗದ ದನಿಯಲ್ಲಿ ಹೇಳಿ ನೋಡಿದರು. “ಇದಕ್ಕೆ ಆಮೆನ್ ಅಷ್ಟು ಜೋರಾಗಿ ಬರುವುದಿಲ್ಲ” ಎಂದರು.

ಬಂದಷ್ಟು ಬರಲಿ ಎಂದೆ.