ವೆಂಗನ್‌ನಲ್ಲಿ ಮೂರು ಕೂಗು

ನಾವಿರುವ ಊರಿಗೆ ಕಾರು ಬರುವುದಿಲ್ಲ. ಬರಲು ರಸ್ತೆಯೇ ಇಲ್ಲ. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಯ ಅಂಚಿನಲ್ಲಿ, 1,274 ಮೀಟರ್ ಎತ್ತರದಲ್ಲಿ, ಗೋಡೆಗೆ ಹೊಡೆದ ಅಟ್ಟದ ಹಾಗೆ ಕೂತಿದೆ ವೆಂಗನ್. ಕಾರಿದ್ದವರು ಕೆಳಗೇ ನಿಲ್ಲಿಸಿ ರೈಲು ಹತ್ತಬೇಕು. ಹಳಿಗಳ ನಡುವೆ ಹಲ್ಲುಪಟ್ಟಿ ಇರುವ ಸಣ್ಣ ರೈಲು, ಹಲ್ಲು ಕಚ್ಚಿಕೊಂಡು ಏರುತ್ತದೆ. 1893ರಿಂದ ಇದೇ ವ್ಯವಸ್ಥೆ. ಅಂಗಡಿಯ ಹಾಲು, ಹೋಟೆಲಿನ ಬಿಯರ್, ನಮ್ಮ ಮಂಚ, ಎಲ್ಲ ಬಂದಿದ್ದು ಅದರಲ್ಲೇ. ಊರಿನ ಕಸ ಇಳಿಯುವುದೂ ಅದರಲ್ಲೇ.

ನನ್ನ ಗಂಡ ಕುಂದಾಪುರದ ಕಡೆಯವರು, ಇಲ್ಲೊಂದು ಅಡುಗೆಮನೆಯಲ್ಲಿ ಕೆಲಸ. "ನಮ್ಮವರು ಎಲ್ಲಿಗೆ ಹೋದರೂ ಹೋಟೆಲಿಗೇ ಹೋಗುವುದು" ಅಂತ ಅತ್ತೆ ಹೇಳುತ್ತಿದ್ದರು. ಆಲ್ಪ್ಸ್ ಆದರೂ ಅಷ್ಟೇ. ಅವರು ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ನಾನು ಡಿಸೆಂಬರಿನಲ್ಲಿ ಬಂದವಳು. ಎರಡು ಸೂಟ್‌ಕೇಸು, ಐದು ಕಿಲೋ ಕುಚ್ಚಲಕ್ಕಿ, ಒಂದು ಕುಕ್ಕರ್.

ಮೊದಲ ತಿಂಗಳು ಹೋಗಿದ್ದೇ ಗೊತ್ತಾಗಲಿಲ್ಲ. ಕಸ ಹಾಕಲು ಕಂಡ ಕಂಡ ಚೀಲ ಆಗುವುದಿಲ್ಲ, ಅದಕ್ಕೆ ಸುಂಕ ಕಟ್ಟಿರಬೇಕು. ಹಳೇ ಪೇಪರ್ ದಾರ ಕಟ್ಟಿ ಅಚ್ಚುಕಟ್ಟಾಗಿ ಇಡಬೇಕು. ಭಾನುವಾರ ಸದ್ದು ಮಾಡಬಾರದು. ದಾರಿಯಲ್ಲಿ ಎದುರಾದವರಿಗೆಲ್ಲ "ಗ್ರೂಯೆಸ್ಸೆಖ್" ಅನ್ನಬೇಕು, ಅಂದರೆ 'ನಿಮಗೆ ನಮಸ್ಕಾರ'. ಈ ಕೊನೆಯದು ನನಗೆ ಇಷ್ಟವಾಯಿತು. ಜರ್ಮನ್ ಪಾಠದ ಪುಸ್ತಕದಲ್ಲಿ ಮರ್ಯಾದೆಗೆ 'ಝೀ' ಅನ್ನಬೇಕು ಅಂತಿದೆ. ಬರ್ನ್ ಕಡೆಯ ಮಾತಿನಲ್ಲಿ ಹಾಗಲ್ಲ, ಹತ್ತು ಜನರಿಗೆ ಹೇಳುವ 'ನೀವು' ಯಾವುದೋ ಅದೇ ಒಬ್ಬ ಹಿರಿಯರಿಗೂ. ನಮ್ಮ ಹಾಗೇ ಅಲ್ವಾ! ಅಷ್ಟು ದೂರ ಬಂದು ಇದೊಂದು ಸಿಕ್ಕಿದ್ದಕ್ಕೇ ಖುಷಿಯಾಗಿತ್ತು.

ಕೆಳಗಿನ ಮನೆಯಲ್ಲಿ ಒಬ್ಬರೇ ಒಬ್ಬ ಅಜ್ಜಿ. ಎದುರಿಗೆ 'ಫ್ರಾವ್', ಅಂದರೆ ಶ್ರೀಮತಿ, ಅಂತ ಸೇರಿಸಿ ಮನೆತನದ ಹೆಸರಿನಿಂದಲೇ ಕರೆಯುತ್ತೇನೆ. ಮನಸ್ಸಿನಲ್ಲಿ ಅಜ್ಜಿಯೇ. ಹರೆಯದಲ್ಲಿ ಹೋಟೆಲಿನಲ್ಲಿ ದುಡಿದವರು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಈ ಊರಿನಲ್ಲಿ ಅದೇನೂ ಆಶ್ಚರ್ಯವಲ್ಲ. ಇಂಗ್ಲಿಷರು 1925ರಲ್ಲೇ ಇಲ್ಲಿ ತಮ್ಮದೊಂದು ಸ್ಕೀ ಕ್ಲಬ್ ಕಟ್ಟಿಕೊಂಡಿದ್ದರು.

ಅಜ್ಜಿಯ ಪರಿಚಯವಾಗಿದ್ದು ಕುಕ್ಕರಿನಿಂದ. ಈ ಎತ್ತರದಲ್ಲಿ ನೀರು 96 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಕುದಿಯುವುದು ಬೇಗ, ಬೇಯುವುದು ನಿಧಾನ. ಪಾತ್ರೆಯಲ್ಲಿಟ್ಟ ಕುಚ್ಚಲಕ್ಕಿ ಒಂದು ದಿನ ಮಧ್ಯಾಹ್ನ ಎರಡಾದರೂ ಕಣ್ಣು ಬಿಡಲಿಲ್ಲ. ಮರುದಿನ ಕುಕ್ಕರ್ ತೆಗೆದೆ. ಅವತ್ತು ಭಾನುವಾರ ಅನ್ನುವುದು ತಲೆಯಲ್ಲಿರಲಿಲ್ಲ. ಏಳು ಕೂಗು ಬೇಕಿತ್ತು. ಐದನೆಯದಕ್ಕೆ ಬಾಗಿಲು ಬಡಿಯಿತು.

"ನಿಮ್ಮಲ್ಲಿ ಏನಾದರೂ ಕೆಟ್ಟಿದೆಯಾ?" ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ನಾನು ನಾಚಿಕೊಂಡು ಒಲೆ ತೋರಿಸಿದೆ. ಅಷ್ಟು ಹೊತ್ತಿಗೆ ಆರನೆಯದು ಕೂಗಿತು. ಅಜ್ಜಿ ಒಂದು ಹೆಜ್ಜೆ ಹಿಂದೆ ಹೋದರು. ಆಮೇಲೆ ಮುಂದೆ ಬಂದು ಬಗ್ಗಿ ನೋಡಿದರು.

ಸಂಜೆ ನನ್ನನ್ನು ಕೆಳಗೆ ಕರೆದು ತಮ್ಮ ಕುಕ್ಕರ್ ತೋರಿಸಿದರು. ಡ್ಯುರೋಮ್ಯಾಟಿಕ್ ಅಂತ, 1949ರಿಂದ ಈ ದೇಶದಲ್ಲೇ ಮಾಡುವ ಕುಕ್ಕರ್. ಅದು ಕೂಗುವುದಿಲ್ಲ. ಮುಚ್ಚಳದ ನಡುವೆ ಒಂದು ಕಡ್ಡಿ, ಆವಿ ತುಂಬಿದ ಹಾಗೆ ಮೆಲ್ಲಗೆ ಮೇಲೇಳುತ್ತದೆ. ಕಡ್ಡಿಯ ಮೇಲೆ ಎರಡು ಗೆರೆ. ಎರಡನೇ ಗೆರೆ ಕಂಡರೆ ಉರಿ ಕಡಿಮೆ ಮಾಡಬೇಕು, ಆಮೇಲೆ ಗಡಿಯಾರ ನೋಡಿಕೊಂಡು ಇಳಿಸಬೇಕು. "ಹಾಗಾದರೆ ಒಲೆ ಮುಂದೆಯೇ ನಿಂತಿರಬೇಕಾ?" ಅಂದೆ. "ಮತ್ತೆ ನೀವು ಎಲ್ಲಿರುತ್ತೀರಿ?" ಅಂದರು. ಬಟ್ಟೆ ಹಾಕುತ್ತಾ, ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ, ಎಣಿಸುತ್ತಾ ಇರುತ್ತೇನೆ ಅಂತ ಹೇಳಿದೆ. ಬೇಳೆಗೆ ಮೂರು, ಈ ಅಕ್ಕಿಗೆ ಏಳು. ಅವರಿಗೆ ಅದು ಬಹಳ ತಮಾಷೆ ಅನ್ನಿಸಿತು. ಅಂದಿನಿಂದ ಕುಚ್ಚಲಕ್ಕಿ ವಾರದ ದಿನಕ್ಕೆ, ಭಾನುವಾರ ದೋಸೆ.

ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಇದೆ. ಅದರ ಪಕ್ಕದಲ್ಲಿ ಒಂದು ಬಾಗಿಲು, ಗೇಣುದ್ದ ದಪ್ಪದ ಕಾಂಕ್ರೀಟು, ಎರಡು ಕಬ್ಬಿಣದ ಹಿಡಿ. ಮೊದಲು ನೋಡಿದಾಗ ಯಾರದೋ ಬ್ಯಾಂಕ್ ಲಾಕರ್ ಅಂದುಕೊಂಡಿದ್ದೆ. ಯುದ್ಧ ಬಂದರೆ ಅಡಗುವ ಕೋಣೆಯಂತೆ. ಹೊಸ ಮನೆ ಕಟ್ಟುವವರು ಇಂಥದ್ದು ಕಟ್ಟಬೇಕು ಅಂತ 1963ರಲ್ಲಿ ಕಾನೂನೇ ಬಂದಿತ್ತು. ನಮ್ಮ ಕಟ್ಟಡದ ಕೋಣೆಯಲ್ಲಿ ಈಗ ಆಲೂಗಡ್ಡೆ, ಹಳೇ ಸ್ಕೀಗಳು, ಅಜ್ಜಿಯ ಜಾಮ್ ಬಾಟಲಿಗಳು. ನೋಡಿ ನಗು ಬಂದಿತ್ತು. ಫೆಬ್ರವರಿವರೆಗೆ ನಗುತ್ತಲೇ ಇದ್ದೆ.

ಫೆಬ್ರವರಿಯ ಮೊದಲ ಬುಧವಾರ. ಹಿಂದಿನ ರಾತ್ರಿಯೆಲ್ಲ ಹಿಮ ಸುರಿದಿತ್ತು. ಬೆಳಿಗ್ಗೆ ಮೇಲಿನ ಇಳಿಜಾರಿನಿಂದ ಢಂ, ಢಂ ಅಂತ ಸದ್ದು. ಹಿಮ ತಾನಾಗಿ ಜಾರಿ ಯಾರ ಮೇಲೂ ಬೀಳದಿರಲಿ ಅಂತ ಮೊದಲೇ ಸಿಡಿಮದ್ದು ಇಟ್ಟು ಬೀಳಿಸುತ್ತಾರೆ. ಅದು ಅಭ್ಯಾಸವಾಗಿತ್ತು. ಮಧ್ಯಾಹ್ನ ಬೇಳೆ ಇಟ್ಟು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ.

ಒಂದೂವರೆಗೆ ಕೂಗು ಶುರುವಾಯಿತು. ಕುಕ್ಕರಿನದಲ್ಲ. ಊರಿನ ಯಾವುದೋ ಮಾಡಿನ ಮೇಲಿಂದ ಎದ್ದು, ಏರಿ, ಇಳಿದು, ಮತ್ತೆ ಏರಿತು. ಎದುರಿನ ಬಂಡೆಗೆ ಬಡಿದು ವಾಪಸ್ ಬಂತು. ಕೂಗು ಯಾವುದು, ಮಾರ್ದನಿ ಯಾವುದು ಗೊತ್ತಾಗಲಿಲ್ಲ, ಇಡೀ ಕಣಿವೆಯೇ ಅಳುತ್ತಿದೆ ಅನ್ನಿಸಿತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಹಿಮ ಜಾರುತ್ತಿದೆ. ಒಲೆ ಆರಿಸಿದೆ. ಪಾಸ್‌ಪೋರ್ಟಿನ ಫೈಲು ಎತ್ತಿಕೊಂಡೆ. ಬೆಳ್ಳುಳ್ಳಿ ಯಾಕೆ ಕೈಯಲ್ಲೇ ಇತ್ತೋ ಗೊತ್ತಿಲ್ಲ. ಮನೆ ಚಪ್ಪಲಿಯಲ್ಲೇ ಕೆಳಗೆ ಓಡಿ ಬಾಗಿಲು ಬಡಿದೆ. ಬಾಯಿಂದ ಬಂದಿದ್ದು ಫ್ರಾವ್ ಅಲ್ಲ, "ಅಜ್ಜೀ! ಅಜ್ಜೀ!"

ಅಜ್ಜಿ ಬಾಗಿಲು ತೆಗೆದು ನನ್ನನ್ನು ನೋಡಿದರು, ಫೈಲು ನೋಡಿದರು. ಒಳಗೆ ಹೋಗಿ ಸ್ಟೂಲು ಎಳೆದು ಹತ್ತಿದರು. ಗೋಡೆ ಗಡಿಯಾರದ ಮುಳ್ಳನ್ನು ಒಂದು ನಿಮಿಷ ಮುಂದೆ ತಳ್ಳಿದರು. "ಒಂದೂವರೆ," ಅಂದರು. "ಇದು ಯಾವಾಗಲೂ ಸರಿ ಇರುತ್ತದೆ."

ನಾನು ಹಾಗೇ ನಿಂತೆ. ಕುಂದಾಪುರದಲ್ಲಿ ಹಂಚಿನ ಕಾರ್ಖಾನೆ ಕೂಗಿದಾಗ ನನ್ನ ಅಜ್ಜ ಹೀಗೇ ಗಡಿಯಾರ ತಿದ್ದುತ್ತಿದ್ದರು. ಅವರು ಹತ್ತುತ್ತಿದ್ದದ್ದು ಮಣೆ.

ಕೂಗು ನಿಂತ ಮೇಲೆ ಅಜ್ಜಿ ವಿಷಯ ಹೇಳಿದರು. ಪ್ರತಿ ವರ್ಷ ಇದೇ ಬುಧವಾರ, ಇದೇ ಹೊತ್ತಿಗೆ ದೇಶದ ಸೈರನ್‌ಗಳನ್ನೆಲ್ಲ ಕೂಗಿಸಿ ನೋಡುತ್ತಾರೆ. ಏಳು ಸಾವಿರಕ್ಕೂ ಜಾಸ್ತಿ ಇವೆ. ಅಣೆಕಟ್ಟಿನ ಕೆಳಗಿನ ಊರುಗಳಿಗೆ ಬೇರೆಯದೇ ದಪ್ಪ ಸ್ವರ, ಅದು ಎರಡು ಗಂಟೆಯ ಮೇಲೆ. ಎಲ್ಲರಿಗೂ ಗೊತ್ತು. ನಮ್ಮ ಮನೆಯವರಿಗೂ ಗೊತ್ತಿತ್ತಂತೆ, ಹೇಳಲು ಮರೆತರಂತೆ. ಆ ಲೆಕ್ಕ ರಾತ್ರಿ ತೀರಿಸಿದೆ, ಇಲ್ಲಿ ಬೇಡ.

ಅಜ್ಜಿ ಕಪಾಟಿನಿಂದ ಒಂದು ಹಳೇ ಟೆಲಿಫೋನ್ ಪುಸ್ತಕ ತೆಗೆದರು. ಕೊನೆಯ ಪುಟಗಳಲ್ಲಿ ಸೈರನ್ ಕೂಗಿದರೆ ಏನು ಮಾಡಬೇಕು ಅಂತ ಬರೆದಿತ್ತು. ಬೆರಳಿಟ್ಟು ಓದಿ ಹೇಳಿದರು. ರೇಡಿಯೊ ಹಾಕಿ. ಅವರು ಹೇಳಿದ ಹಾಗೆ ಮಾಡಿ. ಅಕ್ಕಪಕ್ಕದವರಿಗೆ ತಿಳಿಸಿ. ಮೂರನೆಯದರ ಮೇಲೆ ಬೆರಳು ನಿಂತಿತು.

"ಇಷ್ಟು ವರ್ಷದಲ್ಲಿ ಇದನ್ನು ಮಾಡಿದವರು ನೀವೊಬ್ಬರೇ," ಅಂದರು. ಹೊಗಳಿದರೋ ನಕ್ಕರೋ ಗೊತ್ತಾಗಲಿಲ್ಲ. ಕಾಫಿ ಕೊಟ್ಟರು. ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿ ಅವರ ಮೇಜಿನ ಮೇಲೆಯೇ ಉಳಿಯಿತು.

ಮೇಲೆ ಬಂದು ಮತ್ತೆ ಒಲೆ ಹಚ್ಚಿದೆ. ಬೇಳೆ ಅರ್ಧಕ್ಕೇ ನಿಂತಿತ್ತು. ಒಂದು ಕೂಗಾಯಿತು, ಎರಡಾಯಿತು. ಕೆಳಗೆ ಬಾಗಿಲು ತೆರೆದ ಸದ್ದು. ಮೆಟ್ಟಿಲ ಬುಡದಿಂದ ಅಜ್ಜಿ ಕೇಳಿದರು, "ಇದು ಪರೀಕ್ಷೆಯೋ, ನಿಜವೋ?"

"ನಿಜದ್ದೇ," ಅಂದೆ. "ಇನ್ನೊಂದು ಬಾಕಿ ಇದೆ."