ಪೆತಿ ಸಾಕೊನೆಯಿಂದ ಪಾಲೆ ವಿಲ್ಸನ್‌ವರೆಗೆ: ಜಿನೀವಾದಲ್ಲಿ ಕ್ವೇಕರರ ಹಾದಿ

ಭಾನುವಾರ ಜಿನೀವಾದಲ್ಲಿ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಒಳಗಿನ ಮಳಿಗೆಗಳನ್ನು ಬಿಟ್ಟರೆ ಹಾಲು, ಬ್ರೆಡ್ಡಿಗೂ ಪರದಾಟ. ಶನಿವಾರ ಸಂಜೆಯೇ ಬೇಕಾದ್ದನ್ನು ಕೊಂಡಿಟ್ಟುಕೊಂಡು, ಭಾನುವಾರ ಬೆಳಿಗ್ಗೆ, ಯುದ್ಧವನ್ನೇ ಒಪ್ಪದ ಕ್ರೈಸ್ತ ಪಂಥವಾದ ಕ್ವೇಕರರನ್ನು ಕಾಣಲು, ದಿಬ್ಬದ ಮೇಲಿನ ಪೆತಿ ಸಾಕೊನೆ ಬಡಾವಣೆಗೆ ಹೊರಡಬೇಕು. ಹೋಟೆಲಿನಲ್ಲಿ ಉಳಿದವರಿಗೆ ಬಸ್ಸು, ಟ್ರಾಮುಗಳ ಉಚಿತ ಪಾಸು ಸಿಗುತ್ತದೆ; ಕೋಣೆ ಹಿಡಿಯುವಾಗಲೇ ಕೇಳಿ ಪಡೆಯಿರಿ. ಪಾಸಿಲ್ಲದವರು ಹತ್ತುವ ಮೊದಲೇ ಟಿಕೆಟ್ ತೆಗೆದುಕೊಳ್ಳಬೇಕು. ನಮ್ಮ ಬಸ್ಸಿನ ಹಾಗೆ ಒಳಗೆ ಕಂಡಕ್ಟರ್ ಇರುವುದಿಲ್ಲ, ದಂಡ ಹಾಕಲು ತಪಾಸಣೆಯವರು ಮಾತ್ರ ಬರುತ್ತಾರೆ.

ಹೋಗಬೇಕಾದದ್ದು ಮೆರ್ವಲೆ ರಸ್ತೆಯ 13ನೇ ಸಂಖ್ಯೆಗೆ. ಹೊರಗಿನಿಂದ ನೋಡಿದರೆ ಅದೊಂದು ವಾಸದ ಮನೆ, ಅಷ್ಟೇ. ಇದೇ ಕ್ವೇಕರ್ ಹೌಸ್. ವಿಶ್ವಸಂಸ್ಥೆಯೊಂದಿಗೆ ಕ್ವೇಕರರ ಪರವಾಗಿ ವ್ಯವಹರಿಸುವ ಎರಡು ಕಚೇರಿಗಳಲ್ಲಿ ಒಂದು ಇಲ್ಲಿದೆ, ಇನ್ನೊಂದು ನ್ಯೂಯಾರ್ಕಿನಲ್ಲಿ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರಿಂದ ಹುಟ್ಟಿದ ಈ ಪಂಥದವರು ತಮ್ಮನ್ನು ಕರೆದುಕೊಳ್ಳುವುದು ‘ಮಿತ್ರರು’ ಎಂದು. ಯಾವ ಕಾರಣಕ್ಕೂ, ಯಾರ ಪರವಾಗಿಯೂ ಆಯುಧ ಹಿಡಿಯುವುದಿಲ್ಲ ಎಂದು 1661ರ ಆರಂಭದಲ್ಲೇ ದೊರೆ ಎರಡನೇ ಚಾರ್ಲ್ಸ್‌ಗೆ ಬರೆದುಕೊಟ್ಟವರು. ಎರಡೂ ಮಹಾಯುದ್ಧಗಳ ಕಾಲದಲ್ಲಿ ಮಾಡಿದ ಪರಿಹಾರ ಕಾರ್ಯ ಕಣ್ಣಮುಂದಿರುವಾಗಲೇ, 1947ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಅವರ ಎರಡು ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮರುವರ್ಷ ಅವರ ವಿಶ್ವ ಸಮಿತಿಗೆ ವಿಶ್ವಸಂಸ್ಥೆಯ ಸಮಾಲೋಚಕ ಸ್ಥಾನ ಸಿಕ್ಕಿತು.

ಭಾನುವಾರದ ಆರಾಧನೆಗೆ ಯಾರು ಬೇಕಾದರೂ ಬರಬಹುದು. ಸಮಯವನ್ನು ಮೊದಲೇ ಖಚಿತಪಡಿಸಿಕೊಂಡು ಹತ್ತು ನಿಮಿಷ ಮುಂಚೆ ತಲುಪುವುದು ಒಳ್ಳೆಯದು, ಏಕೆಂದರೆ ಮೊದಲು ಬಂದವರು ಕೂತ ಗಳಿಗೆಯಿಂದಲೇ ಮೌನ ಶುರುವಾಗಿರುತ್ತದೆ. ಪಾದ್ರಿಯಿಲ್ಲ, ಪ್ರವಚನವಿಲ್ಲ, ಹಾಡಿಲ್ಲ. ಸುಮಾರು ಒಂದು ಗಂಟೆ ಎಲ್ಲರೂ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು ನಾಲ್ಕು ಮಾತು ಆಡುತ್ತಾರೆ. ಹೊಸಬರು ತಪ್ಪುವುದು ಇಲ್ಲೇ: ಒಬ್ಬರು ಮಾತು ಮುಗಿಸಿದೊಡನೆ ಇನ್ನೊಬ್ಬರು ಎದ್ದು ಅದಕ್ಕೆ ಉತ್ತರ ಕೊಡಲು ಹೋಗುತ್ತಾರೆ. ಹಾಗೆ ಮಾಡಬಾರದು. ಎರಡು ಮಾತುಗಳ ನಡುವೆ ಮೌನಕ್ಕೆ ಜಾಗ ಬಿಡಬೇಕು, ವಾದಕ್ಕೆ ಇಳಿಯಬಾರದು. ಕೊನೆಗೆ ಅಕ್ಕಪಕ್ಕದವರ ಕೈಕುಲುಕಿದರೆ ಸಭೆ ಮುಗಿದಂತೆ.

ಈ ಒಂದು ಗಂಟೆಯನ್ನು ತಪ್ಪಿಸಿಕೊಂಡು ಸೋಮವಾರದ ವಿಶ್ವಸಂಸ್ಥೆಯನ್ನಷ್ಟೇ ನೋಡಿದವರಿಗೆ ಕ್ವೇಕರರ ಕೆಲಸದ ಬೇರು ಕಾಣುವುದಿಲ್ಲ. ತಮ್ಮ ಸಂಘದ ವ್ಯವಹಾರಗಳಲ್ಲೂ ಅವರು ಮತಕ್ಕೆ ಹಾಕುವವರಲ್ಲ. ಎಲ್ಲರ ಮಾತು ಕೇಳಿದ ಮೇಲೆ ಸಭೆಯ ಒಟ್ಟು ಮನಸ್ಸು ಎತ್ತ ವಾಲಿದೆ ಎಂದು ಕಾರ್ಯದರ್ಶಿ ಅಲ್ಲೇ ಬರೆದು ಓದುತ್ತಾರೆ; ಎಲ್ಲರೂ ಹೌದೆಂದರೆ ಅದು ನಿರ್ಣಯ, ಇಲ್ಲವಾದರೆ ಇನ್ನಷ್ಟು ಕಾಯುವುದು. ಒಮ್ಮತ ಬಾರದೆ ಒಪ್ಪಂದವಾಗದ ವಿಶ್ವಸಂಸ್ಥೆಯ ಕೋಣೆಗಳಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಬೇರೆ ಇಲ್ಲ.

ಈ ಮನೆಯ ಮುಖ್ಯ ಸಾಧನ ಊಟದ ಮೇಜು. ಒಂದು ವಿಷಯದಲ್ಲಿ ಪರಸ್ಪರ ಜಗ್ಗಾಡುತ್ತಿರುವ ದೇಶಗಳ ರಾಜತಾಂತ್ರಿಕರನ್ನು, ಮೇಜಿನ ಸುತ್ತ ಹಿಡಿಸುವಷ್ಟೇ ಜನರನ್ನು, ಮಧ್ಯಾಹ್ನದ ಊಟಕ್ಕೆ ಕರೆಯುತ್ತಾರೆ. ಕರೆಯುವುದು ದೇಶದ ಪ್ರತಿನಿಧಿಯಾಗಿ ಅಲ್ಲ, ವ್ಯಕ್ತಿಯಾಗಿ. ಯಾರು ಏನೆಂದರು ಎಂಬುದು ಹೊರಗೆ ಹೋಗುವಂತಿಲ್ಲ. ಸಭಾಂಗಣದಲ್ಲಿ ರಾಜಧಾನಿಯಿಂದ ಬಂದ ಸೂಚನೆಯನ್ನು ಓದುವ ಅಧಿಕಾರಿ, ಇಲ್ಲಿ ‘ಈ ಪದ ಬದಲಾದರೆ ನಮ್ಮವರನ್ನು ಒಪ್ಪಿಸಬಹುದು’ ಎನ್ನುವಷ್ಟು ಬಿಚ್ಚಿ ಮಾತಾಡಬಹುದು. ಇಂಥ ಊಟಗಳು ಹಳಸುವುದೂ ಉಂಟು: ನಿರ್ಧರಿಸುವ ಅಧಿಕಾರವಿಲ್ಲದ ಕಿರಿಯರೇ ಬಂದಾಗ, ಕರೆದ ಸಮಯ ತೀರಾ ಬೇಗವಾಗಿ ಯಾರ ಬಳಿಯೂ ಕರಡು ಇಲ್ಲದಿದ್ದಾಗ, ತೀರಾ ತಡವಾಗಿ ರಾಜಧಾನಿಗಳ ನಿಲುವು ಗಟ್ಟಿಯಾದ ಮೇಲೆ. ಒಂದೇ ಒಂದು ಮಾತು ಸೋರಿದರೂ ಮುಂದಿನ ಸಲ ಆ ಮೇಜಿಗೆ ಯಾರೂ ಬರುವುದಿಲ್ಲ. ಡಂಕನ್ ವುಡ್ ಮತ್ತು ಕ್ಯಾಥರೀನ್ ವುಡ್ ದಂಪತಿ 1952ರಿಂದ 1977ರವರೆಗೆ ಜಿನೀವಾದಲ್ಲಿ ಕ್ವೇಕರರ ಪ್ರತಿನಿಧಿಗಳಾಗಿದ್ದರು. ಅಷ್ಟು ದೀರ್ಘಕಾಲ ಒಂದೇ ಮುಖ ಕಂಡಾಗ ಹುಟ್ಟುವ ನಂಬಿಕೆಯೇ ಈ ಕೆಲಸದ ಬಂಡವಾಳ.

ಸೋಮವಾರ ಕಾರ್ನವಾಂ ನಿಲ್ದಾಣದ ಮುಂದೆ 15ನೇ ಸಂಖ್ಯೆಯ ಟ್ರಾಮ್ ಹತ್ತಿ ‘ನಾಸಿಯೋಂ’ ನಿಲ್ದಾಣದಲ್ಲಿ ಇಳಿಯಿರಿ. ಎದುರಿಗೆ 12 ಮೀಟರ್ ಎತ್ತರದ ಮರದ ಕುರ್ಚಿ; ಒಂದು ಕಾಲು ಚೂರಾಗಿದೆ. ಶಿಲ್ಪಿ ದಾನಿಯೆಲ್ ಬೆರ್ಸೆಯ ಈ ಕೃತಿಯ ತೂಕ ಐದೂವರೆ ಟನ್. ನೆಲಬಾಂಬು ನಿಷೇಧ ಒಪ್ಪಂದಕ್ಕೆ ಸಹಿ ಹಾಕಿರೆಂದು ನೆನಪಿಸಲು 1997ರಲ್ಲಿ ಕೆಲವು ತಿಂಗಳ ಮಟ್ಟಿಗೆ ನಿಲ್ಲಿಸಿದ್ದು, ಇಂದಿಗೂ ಅಲ್ಲೇ ಇದೆ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ ಎಂಬುದು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ನಮಗೆ ಗೊತ್ತಿರಬೇಕು.

ಚೌಕದ ಆಚೆ ಇರುವುದೇ ವಿಶ್ವಸಂಸ್ಥೆಯ ಕಟ್ಟಡ, ಪಾಲೆ ದೆ ನಾಸಿಯೋಂ. ಪ್ರವಾಸಿಗರು ಅದರ ಒಳಹೋಗುವುದು ಕುರ್ಚಿಯಿರುವ ಈ ಚೌಕದ ಕಡೆಯಿಂದಲ್ಲ. ಅವೆನ್ಯೂ ದೆ ಲಾ ಪೇ ಏರಿನಲ್ಲಿ ನಡೆದು ಪ್ರೆನ್ಯಿ ದ್ವಾರಕ್ಕೆ ಹೋಗಬೇಕು, ರೆಡ್ ಕ್ರಾಸ್ ಕೇಂದ್ರ ಕಚೇರಿಯ ಎದುರಿಗೆ. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಜೆರಾಕ್ಸ್ ನಂಬಿ ಬಂದರೆ ಬಾಗಿಲಲ್ಲೇ ನಿಲ್ಲಬೇಕಾದೀತು. ಮಾರ್ಗದರ್ಶಿಯೊಂದಿಗಿನ ಸುತ್ತಾಟ ಸುಮಾರು ಒಂದು ಗಂಟೆ, ಮೊದಲೇ ಕಾದಿರಿಸಬೇಕು. ದೊಡ್ಡ ಅಧಿವೇಶನ ನಡೆಯುವಾಗ ಕೆಲವು ಕೋಣೆಗಳನ್ನು ತೋರಿಸುವುದಿಲ್ಲ.

ಕೌನ್ಸಿಲ್ ಚೇಂಬರ್ ತೆರೆದಿದ್ದರೆ ಅದೃಷ್ಟ. ಸ್ಪೇನಿನ ಹೊಸೆ ಮರಿಯಾ ಸೆರ್ಟ್ ಬರೆದ ಹೊಂಬಣ್ಣದ ಚಿತ್ರಗಳು ಗೋಡೆ, ಚಾವಣಿ ತುಂಬಿವೆ. ತಲೆಯ ಮೇಲೆ ಐದು ದೈತ್ಯ ಕೈಗಳು ಒಂದನ್ನೊಂದು ಹಿಡಿದಿವೆ. 65 ದೇಶಗಳ ನಿಶ್ಶಸ್ತ್ರೀಕರಣ ಸಮ್ಮೇಳನ ಕೂರುವುದು ಈ ಕೈಗಳ ಕೆಳಗೆ. ಒಬ್ಬರು ಬೇಡವೆಂದರೂ ಅಲ್ಲಿ ಏನೂ ಮುಂದೆ ಹೋಗುವುದಿಲ್ಲ. ಅಣುಪರೀಕ್ಷೆಯ ಸಮಗ್ರ ನಿಷೇಧದ ಕರಡನ್ನು 1996ರ ಆಗಸ್ಟಿನಲ್ಲಿ ಇಲ್ಲಿ ತಡೆದದ್ದು ಭಾರತ. ಆಗ ಅಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್. ಅಣ್ವಸ್ತ್ರ ಇರುವವರು ಅದನ್ನು ತ್ಯಜಿಸಲು ಕಾಲಮಿತಿ ಒಪ್ಪಿಕೊಳ್ಳಲಿಲ್ಲ ಎಂಬುದು ನಮ್ಮ ವಾದವಾಗಿತ್ತು. ಕರಡನ್ನು ನ್ಯೂಯಾರ್ಕಿಗೆ ಒಯ್ದು ಸೆಪ್ಟೆಂಬರ್ 10ರಂದು ಮಹಾಸಭೆಯಲ್ಲಿ ಅಂಗೀಕರಿಸಿದರು. ಅಲ್ಲಿಂದೀಚೆಗೆ ಈ ಕೋಣೆಯಿಂದ ಒಂದು ಒಪ್ಪಂದವೂ ಹೊರಬಂದಿಲ್ಲ.

ಆದರೆ ಇದೇ ಕಟ್ಟಡದ ಬೇರೆ ಕೋಣೆಗಳಲ್ಲಿ ಕ್ವೇಕರರ ಬೆವರು ಫಲ ಕೊಟ್ಟಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ, 15 ತುಂಬಿದವರನ್ನು ಯುದ್ಧಕ್ಕೆ ಕಳಿಸುವುದನ್ನು ತಡೆದಿರಲಿಲ್ಲ. ಆ ವಯಸ್ಸನ್ನು 18ಕ್ಕೆ ಏರಿಸುವ ಪೂರಕ ಒಪ್ಪಂದಕ್ಕಾಗಿ ವರ್ಷಗಟ್ಟಲೆ ಎಳೆದಾಟ ನಡೆಯಿತು. ಕ್ವೇಕರ್ ಕಚೇರಿಯ ರೇಚಲ್ ಬ್ರೆಟ್ ಸಹಲೇಖಕಿಯೊಡನೆ ಬಾಲಸೈನಿಕರ ಕುರಿತ ಅಧ್ಯಯನವನ್ನು 1996ರಲ್ಲಿ ಹೊರತಂದರು. ಬಾಲಸೈನಿಕರ ಬಳಕೆ ನಿಲ್ಲಿಸಲು 1998ರಲ್ಲಿ ಹಲವು ಸಂಸ್ಥೆಗಳು ಒಕ್ಕೂಟ ಕಟ್ಟಿದಾಗ ಈ ಕಚೇರಿಯೂ ಸ್ಥಾಪಕರಲ್ಲಿ ಒಂದು. ವಿಶ್ವಸಂಸ್ಥೆಯ ಕರಡಿನಲ್ಲಿ ಒಪ್ಪಿಗೆಯಾಗದ ಪದಗಳನ್ನು ಚೌಕ ಆವರಣದೊಳಗೆ ಇಡುತ್ತಾರೆ. ಆ ಆವರಣಗಳನ್ನು ಒಂದೊಂದಾಗಿ ಬಿಚ್ಚುವುದೇ ಕೆಲಸ.

2000ದ ಮೇ 25ರಂದು ಅಂಗೀಕಾರವಾದ ಆ ಪೂರಕ ಒಪ್ಪಂದದ ಪಠ್ಯವನ್ನು ಬಿಡಿಸಿ ಓದಿದರೆ ಎಲ್ಲೆಲ್ಲಿ ಗೆದ್ದರು, ಎಲ್ಲಿ ಬಿಟ್ಟುಕೊಟ್ಟರು ಎಂಬುದು ಕಾಣುತ್ತದೆ. ಕಡ್ಡಾಯ ಭರ್ತಿಗೆ 18 ತುಂಬಲೇಬೇಕು. ಸರ್ಕಾರದ್ದಲ್ಲದ ಸಶಸ್ತ್ರ ಗುಂಪುಗಳಿಗೆ 18ರ ಒಳಗಿನವರು ಸ್ವಂತ ಇಚ್ಛೆಯಿಂದ ಬಂದರೂ ಬೇಡ. ನೇರ ಕಾದಾಟಕ್ಕೆ ಮಾತ್ರ ದೇಶಗಳು ‘ಸಾಧ್ಯವಿರುವ ಎಲ್ಲ ಕ್ರಮ’ ಕೈಗೊಂಡರೆ ಸಾಕು, ಇದು ಸಡಿಲ. ಸ್ವಇಚ್ಛೆಯಿಂದ ಸೇರುವ ವಯಸ್ಸು 15ಕ್ಕಿಂತ ಮೇಲಿರಬೇಕು. ಎಷ್ಟೆಂದು ಪ್ರತಿ ದೇಶವೂ ಬರೆದುಕೊಡಬೇಕು. 2005ರಲ್ಲಿ ಸೇರಿದ ಭಾರತ, ಭರ್ತಿಗೆ 16, ಕಾರ್ಯಾಚರಣೆಯ ಪ್ರದೇಶಕ್ಕೆ ಕಳಿಸಲು 18 ಎಂದು ಬರೆದುಕೊಟ್ಟಿದೆ.

ಇಲ್ಲಿಂದ ಸರೋವರದ ಕಡೆ ಇಳಿಯುವ ದಾರಿಯನ್ನು ನಡೆದೇ ಮುಗಿಸಿ. ಎಡಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟಡ ಸಿಗುತ್ತದೆ. ಔಷಧ ಪೇಟೆಂಟಿನ ವಿಷಯದಲ್ಲಿ ಅಭಿವೃದ್ಧಿಶೀಲ ದೇಶಗಳ ಪ್ರತಿನಿಧಿಗಳನ್ನು ಕೂರಿಸಿ ಮಾತಾಡಿಸುವ ಕೆಲಸವನ್ನೂ ಕ್ವೇಕರರು ಮಾಡಿದ್ದಾರೆ. ಮುಂದೆ ಲಾ ಪೆರ್ಲ್ ದು ಲಾಕ್, ಮೋಂ ರಪೋ ಉದ್ಯಾನಗಳ ನೆರಳು. ಆಕಾಶ ತಿಳಿಯಾಗಿದ್ದರೆ ನೀರಿನಾಚೆ ಮೋಂ ಬ್ಲಾಂ ಕಾಣುತ್ತದೆ. ಬುತ್ತಿ ಬಿಚ್ಚಲು ಇದೇ ಜಾಗ.

ದಂಡೆಯ ಕೊನೆಯಲ್ಲಿ ಪಾಲೆ ವಿಲ್ಸನ್. ಮೊದಲು ಹೋಟೆಲು, 1920ರಿಂದ ವಿಶ್ವಸಂಸ್ಥೆಗೆ ಮುಂಚಿನ ರಾಷ್ಟ್ರಸಂಘದ ಕೇಂದ್ರ, 1998ರಲ್ಲಿ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯ ನೆಲೆ. ಪ್ರವಾಸಿಗರಿಗೆ ಒಳಗೆ ಪ್ರವೇಶವಿಲ್ಲ, ಕಬ್ಬಿಣದ ಬೇಲಿಯ ಹೊರಗಿನಿಂದಲೇ ನೋಡಬೇಕು. ಕ್ವೇಕರರ ಅತ್ಯಂತ ಹಳೆಯ ಕಾಳಜಿ ಇಲ್ಲಿಗೆ ಸಂಬಂಧಿಸಿದ್ದು: ಮನಃಸಾಕ್ಷಿ ಒಪ್ಪದವರನ್ನು ಸೈನ್ಯಕ್ಕೆ ಬಲವಂತವಾಗಿ ಸೇರಿಸಬಾರದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗ ಈ ನಿರಾಕರಣೆಯನ್ನು ಮಾನ್ಯ ಮಾಡಬೇಕೆಂದು 1987ರಲ್ಲಿ ನಿರ್ಣಯ ಮಾಡಿತು, 1998ರಲ್ಲಿ ವಿವರವಾದ ಇನ್ನೊಂದನ್ನು. ಸೈನ್ಯ ಸೇರಲು ನಿರಾಕರಿಸಿದ ದಕ್ಷಿಣ ಕೊರಿಯಾದ ಇಬ್ಬರು ತರುಣರ ದೂರನ್ನು ಕೇಳಿದ ಮಾನವ ಹಕ್ಕುಗಳ ಸಮಿತಿ, ಅವರನ್ನು ಶಿಕ್ಷಿಸಿದ್ದು ತಪ್ಪೆಂದು 2006ರಲ್ಲಿ ಹೇಳಿತು. ಆ ದೇಶದ ಸಂವಿಧಾನ ನ್ಯಾಯಾಲಯ ಸೈನ್ಯದ ಬದಲಿಗೆ ಪರ್ಯಾಯ ಸೇವೆಗೆ ದಾರಿ ಮಾಡಿಕೊಟ್ಟದ್ದು 2018ರಲ್ಲಿ. ಆ ಸೇವೆ 2020ರಲ್ಲಿ ಶುರುವಾಯಿತು: ಜೈಲುಗಳಲ್ಲಿ 36 ತಿಂಗಳ ಕೆಲಸ, ಭೂಸೇನೆಯ 18 ತಿಂಗಳ ಎರಡರಷ್ಟು. ಪರ್ಯಾಯ ಸೇವೆ ಶಿಕ್ಷೆಯ ರೂಪ ತಾಳಬಾರದು ಎಂದು 1998ರ ನಿರ್ಣಯದಲ್ಲೇ ಇದೆ. ಆ ಒಂದು ವಾಕ್ಯಕ್ಕಾಗಿ ಇನ್ನೂ ವಾದಿಸಬೇಕಾಗಿದೆ.