ಇಬ್ಬರು ಹುಡುಗರ ಎಡಗೈ

ಮಗಳ ಒಂಬತ್ತನೇ ಕ್ಲಾಸಿಗೆ ಈ ಸಲ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಇಟ್ಟಿದ್ದಾರೆ. ನಾವಿರುವುದು ಅಲಬಾಮಾದಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ಅಂಚಿನಲ್ಲಿ. ಕಾದಂಬರಿ ನಡೆಯುವ ಮೇಕೊಂಬ್ ಎಂಬ ಕಲ್ಪನೆಯ ಊರೂ ಇದೇ ರಾಜ್ಯದ್ದು. ಲೇಖಕಿಯ ಹುಟ್ಟೂರು ಮನ್ರೋವಿಲ್ ಇಲ್ಲಿಂದ ದಕ್ಷಿಣಕ್ಕೆ ಕೆಲವು ಗಂಟೆಗಳ ದಾರಿ. ಹಾಗಾಗಿ ಇಲ್ಲಿನವರಿಗೆ ಇದು ಊರ ಪುಸ್ತಕ. 1960ರಲ್ಲಿ ಅಚ್ಚಾಯಿತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು, 1962ರಲ್ಲಿ ಸಿನಿಮಾ ಆಯಿತು. ನಾನು ಬೆಂಗಳೂರಿನಲ್ಲಿ ಡಿಗ್ರಿ ಓದುವಾಗ ಇದನ್ನು ಒಂದೇ ಉಸಿರಿಗೆ ಓದಿ ಮುಗಿಸಿ, ಹಾಸ್ಟೆಲಿನ ಮಹಡಿ ಮೇಲೆ ಕೂತು ಅತ್ತಿದ್ದು ನೆನಪಿದೆ. ಅತ್ತದ್ದು ಕಥೆ ಹೇಳುವ ಹುಡುಗಿಯ ಅಣ್ಣ ಜೆಮ್‌ಗಾಗಿ. ಕೋರ್ಟಿನಲ್ಲಿ ತೀರ್ಪು ಓದುವಾಗ ಗ್ಯಾಲರಿಯ ಕಟಕಟೆ ಹಿಡಿದು ನಿಂತಿದ್ದ ಆ ಹುಡುಗ, “ಇದು ಸರಿಯಲ್ಲ” ಎಂದು ಅಳುತ್ತ ಅಪ್ಪನ ಜೊತೆ ಮನೆಗೆ ನಡೆಯುವುದನ್ನು ಓದಿದ ಯಾರಿಗಾದರೂ ಗಂಟಲು ಕಟ್ಟುತ್ತದೆ.

ಮಗಳು ಅಳಲಿಲ್ಲ. ಊಟದ ಹೊತ್ತಿಗೆ ಪುಸ್ತಕ ತಂದು ತಟ್ಟೆಯ ಪಕ್ಕ ಇಟ್ಟು ಕೇಳಿದಳು:

“ಅಮ್ಮಾ, ಜೆಮ್‌ಗೂ ಎಡಗೈ, ಟಾಮ್‌ಗೂ ಎಡಗೈ. ಇಬ್ಬರಿಗೂ ಪೆಟ್ಟಾಗಿದ್ದು ಹುಡುಗರಾಗಿದ್ದಾಗಲೇ. ಜೆಮ್ ಕೈ ಮುರಿದ ವಿಷಯ ಪುಸ್ತಕದ ಮೊದಲನೇ ಸಾಲಲ್ಲೇ ಇದೆ. ಟಾಮ್ ಕೈ ವಿಷಯ ಕೋರ್ಟಿಗೆ ಬೇಕಾದಾಗ ಮಾತ್ರ ಬರತ್ತೆ. ಯಾಕೆ?”

ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕಥೆಯ ಕಾಲ 1930ರ ದಶಕ. ಟಾಮ್ ರಾಬಿನ್ಸನ್ ಇಪ್ಪತ್ತೈದು ವಯಸ್ಸಿನ ಕಪ್ಪು ಕೂಲಿಯಾಳು. ಬಿಳಿಯರ ಹುಡುಗಿ ಮೇಯೆಲ್ಲಾ ಯೂವೆಲ್ ಮೇಲೆ ಅತ್ಯಾಚಾರ ಮಾಡಿದನೆಂದು ಅವನ ಮೇಲೆ ಸುಳ್ಳು ಆರೋಪ. ಅವಳ ಮುಖದ ಬಲಭಾಗಕ್ಕೆ ಪೆಟ್ಟು ಬಿದ್ದಿದೆ, ಹೊಡೆದವನು ಎಡಚನಿರಬೇಕು, ಅವಳ ಅಪ್ಪ ಎಡಚ. ಟಾಮ್‌ನ ಎಡಗೈಯೋ ಅವನು ಹುಡುಗನಾಗಿದ್ದಾಗಲೇ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಯಂತ್ರಕ್ಕೆ ಸಿಕ್ಕಿ, ಮೂಳೆಯಿಂದ ಮಾಂಸ ಕಿತ್ತುಬಂದು, ಬಲಗೈಗಿಂತ ಒಂದಡಿ ಗಿಡ್ಡವಾಗಿ ಒಣಗಿಹೋಗಿದೆ. ಆಟಿಕಸ್ ಫಿಂಚ್ ಅವನ ಪರ ವಾದಿಸುತ್ತಾನೆ, ಎಲ್ಲರ ಕಣ್ಣೆದುರೇ ಸುಳ್ಳು ಬಯಲಾಗುತ್ತದೆ, ಆದರೂ ಬಿಳಿಯರೇ ತುಂಬಿದ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂತ ಸಾಮಾನ್ಯ ಜನರ ತಂಡ, ಟಾಮ್ ಅಪರಾಧಿ ಎನ್ನುತ್ತದೆ. ಕೊನೆಗೆ ಜೈಲಿನ ಬೇಲಿ ಹತ್ತುವಾಗ ಕಾವಲುಗಾರರು ಗುಂಡು ಹಾರಿಸುತ್ತಾರೆ. ಮೈಯಲ್ಲಿ ಹದಿನೇಳು ಗುಂಡು. ಇದೆಲ್ಲವನ್ನೂ ನಮಗೆ ಹೇಳುವವಳು ಆಟಿಕಸ್‌ನ ಪುಟ್ಟ ಮಗಳು ಸ್ಕೌಟ್. ಜೆಮ್ ಅವಳ ಅಣ್ಣ.

ಜೆಮ್‌ಗೆ ಹದಿಮೂರು ತುಂಬುತ್ತಿರುವಾಗ ಕೈ ಮುರಿಯುತ್ತದೆ. ಡಾಕ್ಟರು ಬರುತ್ತಾರೆ, ಅಪ್ಪ ರಾತ್ರಿಯಿಡೀ ಹಾಸಿಗೆ ಪಕ್ಕ ಕೂರುತ್ತಾನೆ. ಹುಡುಗ ಟಾಮ್‌ನ ಪಕ್ಕ ಯಾರು ಕೂತಿದ್ದರು? ಆ ವಯಸ್ಸಿಗೆ ಅವನು ಜಿನ್ನಿನ ಹತ್ತಿರ ಯಾಕಿದ್ದ? ಪುಸ್ತಕ ಹೇಳುವುದಿಲ್ಲ. ನನ್ನ ಓದಿನಲ್ಲಿ ಒಮ್ಮೆಯೂ ಏಳದ ಪ್ರಶ್ನೆ ಮಗಳ ಬಾಯಲ್ಲಿ ಬಂದಾಗ ಹೆಮ್ಮೆ ಆಯಿತು. ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ. “ಪಕ್ಕದ ಮನೆ ಅಜ್ಜೀನ ಕೇಳು” ಎಂದೆ.

ಪಕ್ಕದ ಮನೆಯವರು ಕಪ್ಪು ಜನಾಂಗದ ಹಿರಿಯರು, ಇದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ಬೆಳೆದು ಮೇಷ್ಟರಾಗಿ ನಿವೃತ್ತರಾದವರು. ನಮ್ಮ ಮನೆಯ ಬಿಸಿಬೇಳೆ ಬಾತ್ ಎಂದರೆ ಅವರಿಗೆ ಪ್ರಾಣ. ಈ ಪುಸ್ತಕವನ್ನು ತಾವೂ ಎಷ್ಟೋ ವರ್ಷ ಪಾಠ ಮಾಡಿದ್ದಾಗಿ ಹೇಳಿದರು. ಆಮೇಲೆ ಮಗಳಿಗೆ ಉತ್ತರ ಕೊಡದೆ ತಮ್ಮ ಚಪ್ಪಲಿ ಬಿಚ್ಚಿ ಪಾದ ತೋರಿಸಿದರು.

“ನಾನು ಚಿಕ್ಕವಳಿದ್ದಾಗ ಅಂಗಡಿಯಲ್ಲಿ ನಮ್ಮಂಥವರು ಶೂ ಹಾಕಿಕೊಂಡು ನೋಡುವ ಹಾಗಿರಲಿಲ್ಲ. ಅಮ್ಮ ದಿನಸಿ ತಂದ ಕಂದು ಕಾಗದದ ಚೀಲ ಹರಿದು ನೆಲದ ಮೇಲೆ ಹಾಸಿ, ನನ್ನನ್ನು ಅದರ ಮೇಲೆ ನಿಲ್ಲಿಸಿ, ಪೆನ್ಸಿಲ್ಲಿನಿಂದ ಪಾದದ ಸುತ್ತ ಗೀಟು ಎಳೆಯುತ್ತಿದ್ದಳು. ಆ ಕಾಗದ ತೆಗೆದುಕೊಂಡು ಅಂಗಡಿಗೆ ಹೋಗುತ್ತಿದ್ದಳು. ಬೆರಳ ಸಂದಿಗೆ ಪೆನ್ಸಿಲ್ ಬಂದಾಗ ಕಚಗುಳಿ. ಅಲುಗಿದರೆ ಸೋತೆ ಎನ್ನುತ್ತಿದ್ದಳು. ಅದು ಆಟ ಅಂತಲೇ ನಾನು ತುಂಬ ದಿನ ನಂಬಿದ್ದೆ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: “ಜೆಮ್‌ನ ಮುಗ್ಧತೆ ಹೋಯಿತು ಅಂತ ಎಲ್ಲರೂ ಪ್ರಬಂಧ ಬರೆಯುತ್ತಾರೆ ಮಗು. ಅವನದು ಕೋರ್ಟಿನಲ್ಲಿ ಒಂದು ರಾತ್ರಿ ಹೋಯಿತು. ನಮ್ಮದನ್ನು ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತ ಉಳಿಸೋಕೆ ಅಮ್ಮ ಮಂಡಿಯೂರಿ ಗೀಟು ಎಳೆಯುತ್ತಿದ್ದಳು. ಟಾಮ್‌ನ ಮನೆಯಲ್ಲೂ ಅವನ ಹೆಂಡತಿ ಹೆಲೆನ್ ಏನಾದರೂ ಮಾಡುತ್ತಲೇ ಇದ್ದಿರಬೇಕು.”

ಅವರ ಆಟ ಮುಗಿದ ವರ್ಷ 1963. ಆ ಮೇ ತಿಂಗಳಲ್ಲಿ ಈ ಊರಿನ ಶಾಲೆಯ ಕಪ್ಪು ಮಕ್ಕಳು ಜನಾಂಗಭೇದದ ವಿರುದ್ಧ ಬೀದಿಗಿಳಿದರು, ಅವರ ಮೇಲೆ ಪೊಲೀಸರು ನಾಯಿ ಬಿಟ್ಟರು, ಅಗ್ನಿಶಾಮಕ ದಳದ ಪೈಪಿನಿಂದ ನೀರು ಹಾಯಿಸಿದರು. ಸೆಪ್ಟೆಂಬರ್ 15ರ ಭಾನುವಾರ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಬಿಳಿಯ ಜನಾಂಗದ್ವೇಷಿಗಳು ಬಾಂಬಿಟ್ಟು ನಾಲ್ಕು ಹುಡುಗಿಯರನ್ನು ಕೊಂದರು. ಮೂವರಿಗೆ ಹದಿನಾಲ್ಕು ವರ್ಷ, ಡೆನೀಸ್ ಮೆಕ್‌ನೇರ್‌ಗೆ ಹನ್ನೊಂದು. ಮೊದಲ ಅಪರಾಧಿಗೆ ಶಿಕ್ಷೆ ಆದದ್ದು 1977ರಲ್ಲಿ, ಕೊನೆಯವನಿಗೆ 2002ರಲ್ಲಿ. ಬಾಂಬ್ ಸಿಡಿದಾಗ ಅಜ್ಜಿಗೆ ಹತ್ತು ವರ್ಷ. ಕಾದಂಬರಿ ಬಂದು ಮೂರೇ ವರ್ಷವಾಗಿತ್ತು, ದೇಶದ ತುಂಬ ಜನ ಟಾಮ್‌ಗಾಗಿ ಮರುಗಿ ಮುಗಿಸಿದ್ದರು.

ಆ ರಾತ್ರಿ ನಾನು ಪುಸ್ತಕವನ್ನು ಮತ್ತೆ ತೆಗೆದೆ, ಟಾಮ್‌ನ ಮನೆ ಬರುವ ಪುಟಕ್ಕಾಗಿ. ಇದೆ, ಆದರೆ ಒಂದೂವರೆ ಪುಟ ಇರಬಹುದು. ಟಾಮ್ ಸತ್ತ ಸುದ್ದಿ ಹೇಳಲು ಆಟಿಕಸ್, ಅಡುಗೆಯ ಕ್ಯಾಲ್ಪರ್ನಿಯಾಳನ್ನು ಕರೆದುಕೊಂಡು ಹೋಗುತ್ತಾನೆ. ಅಂಗಳದಲ್ಲಿ ಹುಡುಗರು ಗೋಲಿ ಆಡುತ್ತಿದ್ದಾರೆ. ಒಬ್ಬ ಹುಡುಗ ಅಮ್ಮನನ್ನು ಕರೆಯಲು ಓಡುತ್ತಾನೆ. ಒಂದು ಪುಟ್ಟ ಹೆಣ್ಣುಮಗು ಬಾಗಿಲಿಗೆ ಬಂದು ಆಟಿಕಸ್‌ನನ್ನೇ ನೋಡುತ್ತ ನಿಲ್ಲುತ್ತದೆ. ಅವನು ಹ್ಯಾಟು ತೆಗೆದು, ಒಂದು ಬೆರಳು ಚಾಚುತ್ತಾನೆ. ಮಗು ಆ ಬೆರಳು ಹಿಡಿದು ಮೆಟ್ಟಿಲಿಳಿಯುತ್ತದೆ. ಅಷ್ಟರಲ್ಲಿ ಹೆಲೆನ್ ಬರುತ್ತಾಳೆ, ಆಟಿಕಸ್ ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಗಿ ಮಣ್ಣಿನ ಮೇಲೆ ಕುಸಿಯುತ್ತಾಳೆ. ಇದನ್ನು ಸ್ಕೌಟ್ ಕಂಡಿಲ್ಲ. ಜೊತೆಗೆ ಹೋಗಿದ್ದ ಡಿಲ್ ಎಂಬ ಹುಡುಗ ನೋಡಿ ಅವಳಿಗೆ ಹೇಳಿದ್ದು, ಅವಳು ನಮಗೆ ಹೇಳಿದ್ದು. ಆಮೇಲೆ ಮೇಕೊಂಬ್‌ನಲ್ಲಿ ಟಾಮ್‌ನ ಸಾವಿನ ಮಾತು ಎರಡು ದಿನ ನಡೆದು ನಿಂತುಹೋಗುತ್ತದೆ. ಬೆರಳು ಹಿಡಿದಿಳಿದ ಮಗು ಮತ್ತೆ ಎಲ್ಲೂ ಬರುವುದಿಲ್ಲ.

ಕಾದಂಬರಿಯನ್ನು ತೆಗಳಲು ಇದನ್ನು ಹೇಳುತ್ತಿಲ್ಲ. ವಿಚಾರಣೆ ನಡೆಯುವಾಗ ಡಿಲ್ ತಡೆಯಲಾರದೆ ಅಳುತ್ತಾನಲ್ಲ, ಸರ್ಕಾರಿ ವಕೀಲ ಟಾಮ್‌ನನ್ನು ಹೀಯಾಳಿಸಿ ಮಾತಾಡಿಸುವ ಧಾಟಿಗೆ, ಆ ಪುಟಗಳನ್ನು ಬರೆದ ಕೈಗೆ ನನ್ನ ನಮಸ್ಕಾರ ಯಾವತ್ತೂ ಇದೆ. ತೀರ್ಪು ಏನಾಗುತ್ತದೋ ಯಾರಿಗೂ ಗೊತ್ತಿಲ್ಲದಾಗಲೇ ಒಂದು ಮಗುವಿಗೆ ಹೊಟ್ಟೆ ತೊಳಸಿ ಬರುತ್ತದೆ. ಅಪಮಾನವನ್ನು ಅಷ್ಟು ಸರಿಯಾಗಿ ಹಿಡಿದ ಬರಹ ಕಡಿಮೆ. ಆದರೆ ಆ ಮಕ್ಕಳು ಕಂಡು ಅತ್ತದ್ದನ್ನು ಅನುಭವಿಸಿದ ಮಕ್ಕಳೂ ಆ ಊರಿನಲ್ಲಿ ಇದ್ದರು. 1931ರಲ್ಲಿ ಇದೇ ರಾಜ್ಯದಲ್ಲಿ ಒಂಬತ್ತು ಕಪ್ಪು ಹುಡುಗರನ್ನು ಗೂಡ್ಸ್ ರೈಲಿನಿಂದ ಇಳಿಸಿ, ಇಂಥದೇ ಸುಳ್ಳು ಆರೋಪ ಹೊರಿಸಿ, ಸ್ಕಾಟ್ಸ್‌ಬರೋ ಊರಿನಲ್ಲಿ ವಿಚಾರಣೆ ನಡೆಸಿದರು. ಕೆಲವೇ ದಿನಗಳಲ್ಲಿ ಎಂಟು ಜನಕ್ಕೆ ಮರಣದಂಡನೆ ವಿಧಿಸಿಯೂ ಆಯಿತು. ಅತಿ ಚಿಕ್ಕವರಿಗೆ ಹದಿಮೂರರ ಆಸುಪಾಸು, ಹೆಚ್ಚುಕಮ್ಮಿ ಜೆಮ್‌ನದೇ ವಯಸ್ಸು. ದೂರು ಕೊಟ್ಟ ಇಬ್ಬರಲ್ಲಿ ಒಬ್ಬಳು 1933ರಲ್ಲಿ ಕೋರ್ಟಿಗೇ ಬಂದು ಅಂಥದ್ದೇನೂ ನಡೆಯಲಿಲ್ಲವೆಂದು ಹೇಳಿದ ಮೇಲೂ ಜ್ಯೂರಿ ಶಿಕ್ಷೆಯನ್ನೇ ಹೇಳಿತು. ಆ ತೀರ್ಪನ್ನು ತಳ್ಳಿಹಾಕಿದ ಜಡ್ಜ್ ಜೇಮ್ಸ್ ಹಾರ್ಟನ್, ಜಡ್ಜ್ ಸ್ಥಾನಕ್ಕೆ ನಡೆದ ಮುಂದಿನ ಚುನಾವಣೆಯಲ್ಲಿ ಸೋತರು.

ಮನ್ರೋವಿಲ್‌ನ ವಿಷಯ ಇನ್ನೂ ಸಂಕಟ ಕೊಡುವಂಥದ್ದು. ಹಳೆಯ ಕೋರ್ಟು ಕಟ್ಟಡ ಈಗ ಮ್ಯೂಸಿಯಂ, ಅಲ್ಲೇ ಕಾದಂಬರಿಯ ನಾಟಕ ಆಡುತ್ತಾರೆ, ದೂರದೂರದಿಂದ ಜನ ಬರುತ್ತಾರೆ. ಅದೇ ಮನ್ರೋ ಕೌಂಟಿಯಲ್ಲಿ 1987ರಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಬಿಳಿಯ ಯುವತಿಯೊಬ್ಬಳ ಕೊಲೆಗಾಗಿ ಹಿಡಿದರು. ಕೊಲೆಯ ಹೊತ್ತಿಗೆ ಆತ ತನ್ನ ಮನೆಯಲ್ಲಿ ಮೀನು ಕರಿಯುವ ಸಂತರ್ಪಣೆಯಲ್ಲಿದ್ದ, ನೋಡಿದವರು ಬೇಕಾದಷ್ಟು ಜನ. ವಿಚಾರಣೆಗೂ ಮೊದಲೇ ಮರಣದಂಡನೆಯ ಕೈದಿಗಳ ಜೊತೆ ಇಟ್ಟರು. ಜ್ಯೂರಿ ಜೀವಾವಧಿ ಎಂದರೆ ಜಡ್ಜ್ ಅದನ್ನು ಮೀರಿ ಮರಣದಂಡನೆ ಕೊಟ್ಟರು. ಬ್ರಯಾನ್ ಸ್ಟೀವನ್‌ಸನ್ ಎಂಬ ಕಪ್ಪು ವಕೀಲರು ಹಿಡಿದ ಪಟ್ಟು ಬಿಡದೆ ಹೋರಾಡಿ 1993ರಲ್ಲಿ ಬಿಡಿಸಿದರು. ಈ ಹೆಸರನ್ನು ಹೇಳಿದ್ದೂ ಪಕ್ಕದ ಮನೆಯವರೇ. “ಆಟಿಕಸ್ ಬಗ್ಗೆ ಬರೆದಷ್ಟೇ ಇವರ ಬಗ್ಗೆಯೂ ಬರೆ” ಎಂದು ಮಗಳಿಗೆ ಹೇಳಿ ಹೋದರು.

ಅವರ ಆ ಕಂದು ಕಾಗದ ನನ್ನನ್ನು ಸೀದಾ ಚಿಂತಾಮಣಿ ಕಡೆಯ ನಮ್ಮೂರಿಗೆ ಎಳೆದುಕೊಂಡು ಹೋಯಿತು. ನಮ್ಮದು ರೇಷ್ಮೆ ಮೇಯಿಸುವ ಮನೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಕಾಲೊನಿಯಿಂದ ಒಬ್ಬರು ಬರುತ್ತಿದ್ದರು, ಹಿಂದೆ ಅವರ ಪುಟ್ಟ ಮಗ. ಸೊಪ್ಪು ಒಳಗೆ ಹೋಗುತ್ತಿತ್ತು, ತಂದವರು ಹಿತ್ತಲ ಬಾಗಿಲಾಚೆ ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದರು. ನೀರು ಬೇಕಾದರೆ ನಮ್ಮಜ್ಜಿ ಚೊಂಬು ಎತ್ತಿ ಹಿಡಿದು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಆ ಹುಡುಗನಿಗೆ ಐದಾರು ವರ್ಷ ಇದ್ದೀತು. ಅಜ್ಜಿ ಚೊಂಬು ತರುವುದು ಕಂಡರೆ ಸಾಕು, ಮೆಟ್ಟಿಲಿಂದ ಕೆಳಗಿಳಿದು, ಬಗ್ಗಿ, ಎರಡು ಕೈ ಸೇರಿಸಿ ಬಾಯಿಗೆ ಹಿಡಿದು ಸಿದ್ಧನಾಗುತ್ತಿದ್ದ. ಅವನಪ್ಪ ಪಕ್ಕದಲ್ಲೇ ಬೊಗಸೆಯೊಡ್ಡಿ, ಯಾರು ಒಂದು ಹನಿಯೂ ಚೆಲ್ಲದೆ ಕುಡಿಯುತ್ತಾರೋ ನೋಡೋಣ ಎಂದು ತೆಲುಗಿನಲ್ಲಿ ಮಗನಿಗೆ ಪಂಥ ಕಟ್ಟುತ್ತಿದ್ದರು. ಮಗ ಗೆದ್ದು ನಗುತ್ತಿದ್ದ. ಮೊಣಕೈವರೆಗೆ ನೀರು ಇಳಿಯುತ್ತಿದ್ದ ಆ ಪುಟ್ಟ ಕೈಗಳು ಇವತ್ತಿಗೂ ಕಣ್ಣ ಮುಂದಿವೆ. ಆ ಪಂಥ ಯಾಕಿತ್ತು ಎಂದು ಸಾವಿರಾರು ಮೈಲಿ ದೂರದ ಒಬ್ಬ ಕಪ್ಪು ತಾಯಿಯ ಪೆನ್ಸಿಲ್ ಗೀಟು ನನಗೆ ತಿಳಿಸಿಕೊಟ್ಟಿತು.

ನಮ್ಮ ಕಡೆಯವರು ಅಮೆರಿಕದ ಸುದ್ದಿ ಕೇಳಿ “ಅಲ್ಲಿ ಕರಿಯರನ್ನ ಹೇಗೆ ನಡೆಸಿಕೊಳ್ತಾರೆ ನೋಡಿ” ಎಂದು ಲೊಚಗುಟ್ಟುವಾಗ ನನಗೆ ಕಂಬಾಲಪಲ್ಲಿ ನೆನಪಾಗುತ್ತದೆ. ಚಿಂತಾಮಣಿ ತಾಲ್ಲೂಕಿನದೇ ಹಳ್ಳಿ. 2000ನೇ ಇಸವಿ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸುಟ್ಟವರು ಯಾರೂ ಇಲ್ಲದೆ ಏಳು ಜನ ಸುಟ್ಟುಹೋದ ಹಾಗಾಯಿತು. ಮೇಕೊಂಬ್‌ನಲ್ಲಿ ನಿರಪರಾಧಿಗೆ ಶಿಕ್ಷೆ, ನಮ್ಮಲ್ಲಿ ಅಪರಾಧಕ್ಕೇ ಶಿಕ್ಷೆ ಇಲ್ಲ. ಇಲ್ಲಿ ಹದಿನಾಲ್ಕು ವರ್ಷದ ಮಕ್ಕಳ ಕೈಗೆ ತಮ್ಮ ರಾಜ್ಯದ ಪಾಪದ ಕಥೆ ಕೊಟ್ಟು ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಕೊರತೆ ಇದೆ, ಆದರೂ ಕೊಡುತ್ತಾರೆ. ಚಿಂತಾಮಣಿಯ ಮಕ್ಕಳಿಗೆ ಕಂಬಾಲಪಲ್ಲಿಯನ್ನು ಯಾರು ಹೇಳುತ್ತಿದ್ದಾರೆ?

ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳು ನನ್ನ ಅಮ್ಮನನ್ನು ಕೇಳಿಯೇಬಿಟ್ಟಳು: “ಅಜ್ಜಿ, ಸೊಪ್ಪು ತರ್ತಿದ್ದರಲ್ಲ, ಅವರ ಮಗ ಈಗ ಎಲ್ಲಿದ್ದಾರೆ?” ಅಮ್ಮ ಖುಷಿಯಿಂದಲೇ ಎಲ್ಲ ಹೇಳಿದರು. ಬಸ್ ಕಂಡಕ್ಟರ್ ಆಗಿದ್ದಾನಂತೆ, ಹೆಂಡತಿ ಅಂಗನವಾಡಿಯಲ್ಲಿ, ಮಗಳು ಕೋಲಾರದಲ್ಲಿ ನರ್ಸಿಂಗ್. ಯುಗಾದಿಗೆ ತಪ್ಪದೆ ಬಂದು ಮಾತಾಡಿಸಿಕೊಂಡು ಹೋಗುತ್ತಾನೆ. “ಬಂದಾಗ ಜಗುಲಿ ಮೇಲೆ ಕುರ್ಚಿನೇ ಹಾಕ್ತೀವಿ ಕಣೇ, ಸ್ಟೀಲ್ ಲೋಟದಲ್ಲೇ ಕಾಫಿ ಕೊಡ್ತೀವಿ.”

“ಒಳಗೆ ಯಾಕೆ ಕರೆಯಲ್ಲ?”

ಅಮ್ಮ ಈ ವರ್ಷದ ಮಳೆ, ಗೂಡಿನ ರೇಟು ಎಂದು ಮಾತು ತಿರುಗಿಸಿದರು. ಮಗಳು ಬಿಡಲಿಲ್ಲ, ಮತ್ತೆ ಕೇಳಿದಳು. ಆಗ ಫೋನ್ ಅಪ್ಪನ ಕೈಗೆ ಹೋಯಿತು. ನಾನು ಅಪ್ಪನಿಗೆ ಹೇಳಿದೆ: ಡಿಸೆಂಬರಿನಲ್ಲಿ ನಾವು ಬಂದಾಗ ಅವರ ಮನೆಯವರನ್ನೆಲ್ಲ ಊಟಕ್ಕೆ ಕರೆಯಬೇಕು, ನಡುಮನೆಯಲ್ಲಿ ನಮ್ಮ ಜೊತೆಗೇ ಎಲೆ ಹಾಕಬೇಕು, ಅವರ ಮನೆಗೆ ನಾವೂ ಊಟಕ್ಕೆ ಹೋಗಬೇಕು. ಅಪ್ಪ “ನೋಡೋಣಮ್ಮ, ನಿಮ್ಮಮ್ಮನ್ನ ಕೇಳಿ ಹೇಳ್ತೀನಿ” ಎಂದರು. ಅಮ್ಮ ಒಪ್ಪದಿದ್ದರೆ ಅವತ್ತು ನಾನೂ ಮಗಳೂ ಕಾಲೊನಿಯಲ್ಲೇ ಊಟ ಮಾಡಿ ಬರುತ್ತೇವೆ ಎಂದು ಹೇಳಿ ಟಿಕೆಟ್ ಬುಕ್ ಮಾಡಿದ್ದೇನೆ.